ಅಮೆರಿಕದ ಕಾಲೇಜು ಸೀಟು ಮತ್ತು ಜನಾಂಗ: ಜಗಳ ಎಲ್ಲಿಂದ ಎಲ್ಲಿಗೆ ಬಂತು?

ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳಿಸುವ ನಮ್ಮ ಮನೆಗಳಲ್ಲಿ ಒಂದು ಮಾತು ಓಡಾಡುತ್ತಿರುತ್ತದೆ. 'ಅಲ್ಲೂ ರಿಸರ್ವೇಶನ್ ಇತ್ತಂತೆ, ಈಗ ಕೋರ್ಟು ತೆಗೆದುಹಾಕಿತಂತೆ.' ಅದು ಹಾಗಲ್ಲ. ಸೀಟು ಎಣಿಸಿ ಮೀಸಲಿಡುವುದು ಅಲ್ಲಿ 1978ರಲ್ಲೇ ನಿಂತುಹೋಯಿತು. 2023ರ ಜೂನ್ 29ರಂದು ಅಲ್ಲಿನ ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು ಬೇರೆ. ಅರ್ಜಿ ನೋಡುವಾಗ ವಿದ್ಯಾರ್ಥಿಯ ಜನಾಂಗವನ್ನೂ ಒಂದು ಅಂಶವಾಗಿ ಗಣಿಸುವ ಪದ್ಧತಿಯನ್ನು. ಈ ಎರಡರ ನಡುವೆ 45 ವರ್ಷಗಳ ಕಥೆ ಇದೆ. ಗೋಜಲು ಹುಟ್ಟಿದ್ದು ಅಲ್ಲೇ.

ಗುಲಾಮಗಿರಿ 1865ರಲ್ಲಿ ಮುಗಿಯಿತು. ಆಮೇಲೂ ಸುಮಾರು ನೂರು ವರ್ಷ ದಕ್ಷಿಣದ ರಾಜ್ಯಗಳು ಬಿಳಿಯರಿಗೊಂದು ಕಾಲೇಜು, ಕಪ್ಪು ಜನರಿಗೊಂದು ಕಾಲೇಜು ಎಂದೇ ನಡೆಸಿದವು. 1950ರಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಒಂದೇ ದಿನ ಬಂದವು. ಮೊದಲನೆಯದು ಹೀಮನ್ ಸ್ವೆಟ್ ಎಂಬ ಪೋಸ್ಟ್‌ಮ್ಯಾನ್‌ನದು. ಟೆಕ್ಸಸ್ ಯೂನಿವರ್ಸಿಟಿಯ ಲಾ ಕಾಲೇಜು ಅವನನ್ನು ಸೇರಿಸಿಕೊಳ್ಳಲಿಲ್ಲ. ಬದಲಿಗೆ ಸರ್ಕಾರ ಕಪ್ಪು ಜನರಿಗೆಂದೇ ಒಂದು ಬೇರೆ ಲಾ ಕಾಲೇಜು ತೆರೆಯಿತು. ಅವನ ಪರ ವಾದ ಮಾಡಿ ಗೆದ್ದ ವಕೀಲರು ಥರ್ಗುಡ್ ಮಾರ್ಷಲ್. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಎರಡನೆಯದು ಜಾರ್ಜ್ ಮೆಕ್‌ಲಾರಿನ್ ಅವರದು. ಕೋರ್ಟಿನ ಒತ್ತಾಯಕ್ಕೆ ಒಕ್ಲಹೋಮ ಯೂನಿವರ್ಸಿಟಿ ಅವರಿಗೆ ಸೀಟು ಕೊಟ್ಟಿತು. ಆದರೆ ಕ್ಲಾಸಿನೊಳಗೆ ಕೂರಿಸಲಿಲ್ಲ. ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಡೆಸ್ಕ್ ಹಾಕಿತು. ಪಾಠವನ್ನು ಅವರು ಅಲ್ಲಿಂದಲೇ ಕೇಳಬೇಕು. ಲೈಬ್ರರಿಯಲ್ಲಿ ಎಲ್ಲರೂ ಕೂರುವ ವಾಚನಾಲಯಕ್ಕೆ ಹೋಗುವಂತಿಲ್ಲ, ಮೆಜನೈನ್ ಎಂಬ ನಡು ಅಂತಸ್ತಿನಲ್ಲಿ ಗೊತ್ತು ಮಾಡಿದ ಮೇಜೇ ಗತಿ. ಕ್ಯಾಂಟೀನಿನಲ್ಲಿ ಊಟದ ಹೊತ್ತೂ ಬೇರೆ, ಮೇಜೂ ಬೇರೆ. ಪಂಕ್ತಿಭೇದ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಹೀಗೆ ಕೂರಿಸಿದರೆ ಅವರು ಸಹಪಾಠಿಗಳ ಜೊತೆ ಚರ್ಚೆ ಮಾಡಲಾರರು, ಓದೇ ಕೆಡುತ್ತದೆ ಎಂದಿತು ಕೋರ್ಟು. ಸೀಟು ಸಿಕ್ಕ ಮಾತ್ರಕ್ಕೆ ಸಮಾನತೆ ಬಂದಂತಾಗಲಿಲ್ಲ ಎನ್ನುವುದು ಆಗಲೇ ದಾಖಲಾಯಿತು. ಆಮೇಲಿನ ಜಗಳಗಳಲ್ಲಿ ಈ ಮಾತು ಹಿಂದೆ ಬಿತ್ತು ಎನ್ನುವುದೇ ಬೇಸರ.

1962ರಲ್ಲಿ ಮಿಸಿಸಿಪಿ ಯೂನಿವರ್ಸಿಟಿಗೆ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ವಿದ್ಯಾರ್ಥಿ ಸೇರಲು ಸೈನ್ಯವೇ ಬರಬೇಕಾಯಿತು. ಗಲಭೆಯಲ್ಲಿ ಇಬ್ಬರು ಸತ್ತರು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಬಾಗಿಲು ಕಾನೂನಿನ ಪ್ರಕಾರ ತೆರೆಯಿತು, ಒಳಗೆ ಬಂದವರು ಮಾತ್ರ ಬೆರಳೆಣಿಕೆಯಷ್ಟು.

ಕ್ಯಾಲಿಫೋರ್ನಿಯಾದ ಡೇವಿಸ್ ಮೆಡಿಕಲ್ ಕಾಲೇಜನ್ನೇ ನೋಡಿ. 1968ರ ಮೊದಲ ತಂಡದಲ್ಲಿ 50 ಜನ. ಅದರಲ್ಲಿ ಕಪ್ಪು ವಿದ್ಯಾರ್ಥಿ ಒಬ್ಬರೂ ಇರಲಿಲ್ಲ, ಮೆಕ್ಸಿಕನ್ ಮೂಲದವರೂ ಇರಲಿಲ್ಲ. ಹಾಗಾಗಿ ಕಾಲೇಜು 100 ಸೀಟುಗಳಲ್ಲಿ 16ನ್ನು ಅಲ್ಪಸಂಖ್ಯಾತ ಜನಾಂಗಗಳ ಹಿಂದುಳಿದ ಅರ್ಜಿದಾರರಿಗೆ ತೆಗೆದಿಟ್ಟಿತು. ಎರಡು ಸಲ ಅರ್ಜಿ ಹಾಕಿ ಸೀಟು ಸಿಗದ ಅಲನ್ ಬಾಕಿ ಎಂಬ ಬಿಳಿಯ ಅಭ್ಯರ್ಥಿ ಕೋರ್ಟಿಗೆ ಹೋದರು. 1978ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ನಾಲ್ಕು ನಾಲ್ಕಾಗಿ ಒಡೆದರು. ನಡುವೆ ಉಳಿದ ಲೂಯಿಸ್ ಪವೆಲ್ ಒಬ್ಬರ ಅಭಿಪ್ರಾಯವೇ ದಾರಿಯಾಯಿತು. 16 ಸೀಟಿನ ಕೋಟಾ ತಪ್ಪು, ಬಾಕಿಗೆ ಸೀಟು ಕೊಡಿ. ಆದರೆ ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ನೋಡಬಹುದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಜನಾಂಗವನ್ನು ಯಾಕೆ ನೋಡಬಹುದು? ಸಮಾಜ ಹಿಂದೆ ಮಾಡಿದ ಅನ್ಯಾಯವನ್ನು ಸರಿಪಡಿಸಲು ಎಂಬ ಕಾರಣವನ್ನು ಪವೆಲ್ ಒಪ್ಪಲಿಲ್ಲ. ತರಗತಿಯಲ್ಲಿ ತರಾವರಿ ಹಿನ್ನೆಲೆಯವರು ಇದ್ದರೆ ಎಲ್ಲರ ಓದಿಗೂ ಒಳ್ಳೆಯದು ಎಂಬ ಕಾರಣವನ್ನು ಒಪ್ಪಿದರು. ಅಂದರೆ ನ್ಯಾಯ ಕೇಳಿ ಬಂದವರು ಮಿಕ್ಕವರ ಓದಿಗೆ ಅನುಕೂಲವಾಗುವವರಾಗಿ ಒಳಗೆ ಬರಬೇಕಾಯಿತು. ಅಷ್ಟರಲ್ಲಿ ಅದೇ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಮಾರ್ಷಲ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಗುಲಾಮಗಿರಿಯಿಂದ ಹಿಡಿದು ಇಡೀ ಇತಿಹಾಸವನ್ನು ಬರೆದಿಟ್ಟರು. ಮುಂದಿನ ತೀರ್ಪುಗಳು ನಡೆದದ್ದು ಪವೆಲ್ ಹಾಕಿದ ದಾರಿಯಲ್ಲಿ.

ನಮ್ಮಲ್ಲಿ ದಾರಿ ಬೇರೆ. 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ಮೈಸೂರು ಸರ್ಕಾರದ 68% ಮೀಸಲಾತಿ ಬಿದ್ದಾಗಲೂ ಮೀಸಲಾತಿಯೇ ತಪ್ಪು ಎಂದು ಕೋರ್ಟು ಹೇಳಲಿಲ್ಲ, 50% ಸುಮಾರಿಗೆ ಮಿತಿ ಹೇಳಿತು ಅಷ್ಟೆ. ಅಮೆರಿಕದಲ್ಲಿ ಸಿಇಟಿ ಥರದ ರ‍್ಯಾಂಕ್ ಪಟ್ಟಿಯೂ ಇಲ್ಲ. ಅಂಕ, ಪ್ರಬಂಧ, ಶಿಫಾರಸು ಪತ್ರ, ಆಟ, ಎಲ್ಲ ಸೇರಿಸಿ ನೋಡುತ್ತಾರೆ. ಹಾಗಾಗಿ ಯಾವುದಕ್ಕೆ ಎಷ್ಟು ತೂಕ ಸಿಕ್ಕಿತು ಎಂದು ಹೊರಗಿನವರಿಗೆ ತಿಳಿಯುವುದು ಕಷ್ಟ.

ಮಿಷಿಗನ್ ಯೂನಿವರ್ಸಿಟಿ ಅದನ್ನು ಬಹಿರಂಗವಾಗಿ ಅಂಕಗಳಲ್ಲೇ ಇಟ್ಟಿತ್ತು. ಒಟ್ಟು 150, ನೂರು ಬಂದರೆ ಸೀಟು. ಕಪ್ಪು, ಹಿಸ್ಪಾನಿಕ್, ಮೂಲನಿವಾಸಿ ಅರ್ಜಿದಾರರಿಗೆ 20. ಕ್ರೀಡಾಪಟುವಾಗಿ ಆಯ್ಕೆಯಾದವರಿಗೂ 20. ಬಡತನಕ್ಕೂ 20. ಅಪ್ಪ ಅಮ್ಮ ಅಲ್ಲೇ ಓದಿದ್ದರೆ 4. ಕೋರ್ಟಿಗೆ ಹೋದದ್ದು ಜನಾಂಗದ 20 ಮಾತ್ರ. 2003ರಲ್ಲಿ ಅದು ಬಿತ್ತು. ಅದೇ ದಿನ, ಅದೇ ಯೂನಿವರ್ಸಿಟಿಯ ಲಾ ಕಾಲೇಜು ಅಂಕ ಕೊಡದೆ ಜನಾಂಗವನ್ನು ಗಮನಿಸುವ ಕ್ರಮ ಮಾತ್ರ ಉಳಿಯಿತು. ಇನ್ನು 25 ವರ್ಷಕ್ಕೆ ಇದರ ಅಗತ್ಯ ಇರಲಾರದು ಎಂದು ನ್ಯಾಯಮೂರ್ತಿ ಸಾಂಡ್ರಾ ಡೇ ಒಕಾನರ್ ಬರೆದರು. ಆ ಕ್ರಮ ಉಳಿದದ್ದು 20 ವರ್ಷ ಮಾತ್ರ.

2023ರಲ್ಲಿ ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ಯೂನಿವರ್ಸಿಟಿಗಳ ಮೇಲಿನ ಪ್ರಕರಣದಲ್ಲಿ ಏಷ್ಯನ್ ವಿದ್ಯಾರ್ಥಿಗಳಿಗೆ ಅನ್ಯಾಯ ಆಗುತ್ತಿದೆ ಎಂಬ ದೂರು ಮುಂದೆ ಬಂತು. ಅದು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅದೇ ವಿಚಾರಣೆಯಲ್ಲಿ ಇನ್ನೊಂದು ಲೆಕ್ಕವೂ ಹೊರಬಿತ್ತು. ಹಾರ್ವರ್ಡ್‌ಗೆ ಸೇರಿಸಿಕೊಂಡ ಬಿಳಿಯರಲ್ಲಿ 40%ಕ್ಕೂ ಜಾಸ್ತಿ ಮಂದಿ ಕ್ರೀಡಾಪಟುಗಳು, ಹಳೆ ವಿದ್ಯಾರ್ಥಿಗಳ ಮಕ್ಕಳು, ಅಧ್ಯಾಪಕ ಸಿಬ್ಬಂದಿಯ ಮಕ್ಕಳು ಅಥವಾ ದಾನಿಗಳ ಕಡೆಯವರಂಥ ವಿಶೇಷ ಪಟ್ಟಿಯವರು. ತೀರ್ಪು ಆ ಪಟ್ಟಿಯನ್ನು ಮುಟ್ಟಲಿಲ್ಲ.

ಈಗ ಜನಾಂಗ ತನ್ನ ಬದುಕನ್ನು ಹೇಗೆ ರೂಪಿಸಿತು ಎಂದು ವಿದ್ಯಾರ್ಥಿ ಪ್ರಬಂಧದಲ್ಲಿ ಬರೆಯಬಹುದು, ಅಷ್ಟಕ್ಕೆ ಅವಕಾಶ ಉಳಿದಿದೆ. ಮರುವರ್ಷ ಎಂಐಟಿಯ ಹೊಸ ತಂಡದಲ್ಲಿ ಕಪ್ಪು ವಿದ್ಯಾರ್ಥಿಗಳು ಹಿಂದಿನ ವರ್ಷಗಳ 13% ಸುಮಾರಿನಿಂದ 5%ಕ್ಕೆ ಇಳಿದರು. ಯೇಲ್‌ನಲ್ಲಿ ಕಪ್ಪು ವಿದ್ಯಾರ್ಥಿಗಳ ಪ್ರಮಾಣದಲ್ಲಿ ಹೆಚ್ಚು ಬದಲಾವಣೆ ಕಾಣಲಿಲ್ಲ. ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಆದ್ಯತೆಯನ್ನು 2024ರಲ್ಲಿ ವರ್ಜೀನಿಯಾ ತನ್ನ ಸರ್ಕಾರಿ ಕಾಲೇಜುಗಳಲ್ಲಿ ನಿಷೇಧಿಸಿತು. ಕ್ಯಾಲಿಫೋರ್ನಿಯಾ ಖಾಸಗಿ ಕಾಲೇಜುಗಳಿಗೂ ನಿಷೇಧ ಹಾಕಿತು. ಇನ್ನೊಂದು ಕಡೆ, ಟೆಕ್ಸಸ್‌ನ ಹೊಸ ಕಾನೂನಿನಿಂದ 2024ರ ಜನವರಿಯಲ್ಲಿ ಎಲ್ಲ ಹಿನ್ನೆಲೆಯ ವಿದ್ಯಾರ್ಥಿಗಳಿಗೂ ಕ್ಯಾಂಪಸ್‌ನಲ್ಲಿ ನೆರವಾಗಲೆಂದು ಸರ್ಕಾರಿ ಯೂನಿವರ್ಸಿಟಿಗಳು ಇಟ್ಟಿದ್ದ 'ಒಳಗೊಳ್ಳುವಿಕೆ' ಕಚೇರಿಗಳು ಮುಚ್ಚಿದವು. ಸೀಟಿನ ಜಗಳ ಈಗ ಸೀಟು ಸಿಕ್ಕವರ ಕ್ಯಾಂಪಸ್ ಬದುಕಿಗೂ ಬಂದಿದೆ.