ಫೈಟಿಂಗ್ ಗೇಮ್‌ನ ‘ರೋಸ್ಟರ್ ಲೀಕ್’ಗಳನ್ನು ನಂಬಬಹುದೆ?

ಪ್ರಶ್ನೆ: ಹೊಸ ಫೈಟಿಂಗ್ ಗೇಮ್ ಬರುತ್ತದೆ ಅಂದರೆ ಸಾಕು, ‘ಪೂರ್ತಿ ರೋಸ್ಟರ್ (ಆಟದಲ್ಲಿರುವ ಪಾತ್ರಗಳ ಪಟ್ಟಿ) ಲೀಕ್’ ಅಂತ ಫೋಟೊಗಳು ಹರಿದಾಡುತ್ತವೆ. ನಿಜ ಯಾವುದು, ಸುಳ್ಳು ಯಾವುದು ಅಂತ ಗುರುತಿಸೋದು ಹೇಗೆ?

ಉತ್ತರ: ಪಟ್ಟಿ ನೋಡಿದ ಕೂಡಲೇ ನಿಮಗೆ ತುಂಬ ಖುಷಿಯಾದರೆ ಅನುಮಾನಪಡಿ. ತಮಾಷೆಗೆ ಹೇಳುತ್ತಿಲ್ಲ. ಸುಳ್ಳು ಪಟ್ಟಿ ಮಾಡುವವನೂ ಒಬ್ಬ ಅಭಿಮಾನಿಯೇ. ಜನ ಯಾರಿಗಾಗಿ ಕಾಯುತ್ತಿದ್ದಾರೆ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತು. ಸಂಪುಟ ವಿಸ್ತರಣೆಗೆ ಮುಂಚೆ ಓಡಾಡುವ ಸಂಭಾವ್ಯ ಸಚಿವರ ಪಟ್ಟಿಯ ಹಾಗೆ, ಅದರಲ್ಲಿ ಸುದ್ದಿಗಿಂತ ಆಸೆಯೇ ಹೆಚ್ಚು.

2018ರ ‘ಗ್ರಿಂಚ್ ಲೀಕ್’ ಇದಕ್ಕೆ ಒಳ್ಳೆಯ ಉದಾಹರಣೆ. ಆ ಡಿಸೆಂಬರ್ 7ಕ್ಕೆ ಬೇರೆ ಬೇರೆ ಆಟಗಳ ಪಾತ್ರಗಳು ಸೇರಿ ಹೊಡೆದಾಡುವ, ನಿಂಟೆಂಡೊ ಕಂಪನಿಯ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್’ ಬಿಡುಗಡೆಯಾಗಬೇಕಿತ್ತು. ಅಕ್ಟೋಬರ್‌ನಲ್ಲಿ ಆಟದ ಪ್ರಚಾರ ಬ್ಯಾನರ್‌ನದು ಎನ್ನಲಾದ ಫೋಟೊ ಹೊರಬಂತು. ಬ್ಯಾಂಜೊ-ಕಝೂಯಿ, ಜೀನೊ, ಶ್ಯಾಡೊ, ಐಸಾಕ್, ಕೆನ್: ವರ್ಷಗಟ್ಟಲೆ ಅಭಿಮಾನಿಗಳು ಕೇಳುತ್ತಿದ್ದವರೆಲ್ಲ ಸಾಲಾಗಿ ನಿಂತಿದ್ದರು. ಆಗಿನ್ನೂ ತೆರೆಗೆ ಬಾರದ ಗ್ರಿಂಚ್ ಸಿನಿಮಾದ ಪೋಸ್ಟರ್ ಸಾಮಗ್ರಿಯೂ ಫೋಟೊದಲ್ಲಿ ಕಾಣುತ್ತಿತ್ತು. ‘ಯಾವುದೋ ಪ್ರಿಂಟಿಂಗ್ ಪ್ರೆಸ್‌ನಲ್ಲಿ ತೆಗೆದಿರಬೇಕು’ ಎಂದು ಜನ ನಂಬಲು ಅಷ್ಟು ಸಾಕಾಯಿತು. ನವೆಂಬರ್ 1ರಂದು ನಿಂಟೆಂಡೊ ಉಳಿದ ಪಾತ್ರಗಳನ್ನು ಘೋಷಿಸಿತು. ಕೆನ್ ಇದ್ದ. ‘ಸ್ಟ್ರೀಟ್ ಫೈಟರ್’ ಆಟದಲ್ಲಿ ಅವನ ಜೋಡಿಯಾದ ರ‍್ಯೂ ಮೊದಲೇ ಇದ್ದುದರಿಂದ ಕೆನ್‌ನನ್ನು ಊಹಿಸುವುದು ಕಷ್ಟವೇನಲ್ಲ. ಆ ದಿನ ಘೋಷಿಸಿದ ಫೈಟರ್‌ಗಳಲ್ಲಿ ಮಿಕ್ಕವರ ಪತ್ತೆಯೇ ಇಲ್ಲ. ಬದಲಿಗೆ ಪೋಕೆಮಾನ್‌ನ ಇನ್‌ಸಿನರೋರ್, ಜೊತೆಗೆ ಡಿಎಲ್‌ಸಿಯಾಗಿ (ಆಟ ಬಂದಮೇಲೆ ಡೌನ್‌ಲೋಡ್ ಮಾಡಿಕೊಳ್ಳುವ ಹೆಚ್ಚುವರಿ ಪಾತ್ರವಾಗಿ) ಪಿರಾನಾ ಪ್ಲಾಂಟ್! ಮಾರಿಯೊ ಆಟದ ಪೈಪಿನೊಳಗಿಂದ ತಲೆ ಎತ್ತುವ ಆ ಗಿಡವನ್ನು ಯಾವ ಆಸೆಪಟ್ಟಿಯಲ್ಲೂ ನಾನು ಕಂಡಿರಲಿಲ್ಲ.

ಈಗ ನಿಜವಾದ ಲೀಕ್ ಹೇಗಿರುತ್ತದೆ ನೋಡಿ. 2022ರ ಜೂನ್‌ನಲ್ಲಿ ‘ಸ್ಟ್ರೀಟ್ ಫೈಟರ್ 6’ರ 22 ಪಾತ್ರಗಳ ಚಿತ್ರಗಳು ಸೋರಿಹೋದವು. ಹಳಬರ ಜೊತೆಗೆ ಮರಿಸಾ, ಮ್ಯಾನೋನ್, ಜೆಪಿ ಥರದ, ಯಾರೂ ಕೇಳಿರದ ಹೊಸ ಮುಖಗಳು. ಆಸೆಯಿಂದ ಪಟ್ಟಿ ಕಟ್ಟುವವನು ಇಷ್ಟೊಂದು ಅಪರಿಚಿತರನ್ನು ಸೃಷ್ಟಿಸುವ ಗೋಜಿಗೆ ಹೋಗುವುದಿಲ್ಲ. ಮರುವರ್ಷ ಆಟ ಬಂದಾಗ ಅವರಲ್ಲಿ 18 ಜನ ಇದ್ದರು. ಉಳಿದ ನಾಲ್ವರು ರಶೀದ್, ಎ.ಕೆ.ಐ., ಎಡ್, ಅಕುಮಾ ಮೊದಲ ವರ್ಷದ ಡಿಎಲ್‌ಸಿಯಾಗಿ ಬಂದರು.

ಅಭಿಮಾನಿಗಳೇ ಮಾಡಿಕೊಂಡ ‘ನಿಯಮ’ಗಳನ್ನೂ ಅತಿಯಾಗಿ ನಂಬಬೇಡಿ. ಅಲ್ಟಿಮೇಟ್‌ನಲ್ಲಿ ‘ಸ್ಪಿರಿಟ್’ ಆಗಿ, ಅಂದರೆ ತಾನು ಹೊಡೆದಾಡದೆ ಬರೀ ಚಿತ್ರವಾಗಿ ಫೈಟರ್‌ಗಳಿಗೆ ಬಲ ಕೊಡುವ ರೂಪದಲ್ಲಿ ಬಂದ ಪಾತ್ರ ಮತ್ತೆ ಫೈಟರ್ ಆಗಿ ಬರುವುದಿಲ್ಲ ಎಂದು ಎಷ್ಟೋ ಜನ ಆಣೆ ಮಾಡಿ ಹೇಳುತ್ತಿದ್ದರು. 2020ರಲ್ಲಿ ಸ್ಪಿರಿಟ್ ಆಗಿದ್ದ ಮಿನ್ ಮಿನ್ ಫೈಟರ್ ಆದಳು. ವಾದ ಅಲ್ಲಿಗೆ ಮುಗಿಯಿತು.

ಹಾಗಾದರೆ ಜನಪ್ರಿಯತೆಗೆ ಬೆಲೆಯೇ ಇಲ್ಲವೆ? ಇದೆ, ಆದರೆ ಹಕ್ಕು ಯಾರ ಕೈಯಲ್ಲಿದೆ ಅನ್ನೋದೇ ಅದಕ್ಕಿಂತ ದೊಡ್ಡದು. ಸ್ಮ್ಯಾಶ್ ಆಟಕ್ಕೆ ಯಾವ ಪಾತ್ರ ಬೇಕು ಎಂದು 2015ರಲ್ಲಿ ನಿಂಟೆಂಡೊ ನಡೆಸಿದ ಅಭಿಮಾನಿ ಮತದಾನದಲ್ಲಿ ಮೊದಲ ಸ್ಥಾನ ‘ಕಿಂಗ್‌ಡಮ್ ಹಾರ್ಟ್ಸ್’ನ ಸೋರಾನದು ಎಂದು ಆಟದ ನಿರ್ದೇಶಕ ಮಸಾಹಿರೊ ಸಕುರಾಯ್ ಅವರೇ ಆಮೇಲೆ ತಿಳಿಸಿದರು. ಆದರೆ ಅವನನ್ನು ತರಲು ಆ ಆಟ ಮಾಡಿದ ಸ್ಕ್ವೇರ್ ಎನಿಕ್ಸ್ ಕಂಪನಿ ಮಾತ್ರವಲ್ಲ, ಡಿಸ್ನಿಯೂ ಒಪ್ಪಬೇಕಿತ್ತು. ಅವನು ಬಂದದ್ದು 2021ರ ಅಕ್ಟೋಬರ್ 18ಕ್ಕೆ, ಅಲ್ಟಿಮೇಟ್‌ನ ಕಟ್ಟಕಡೆಯ ಫೈಟರ್ ಆಗಿ.

ಆದ್ದರಿಂದ ಅತಿಥಿ ಪಾತ್ರ (ಬೇರೆ ಆಟದಿಂದ ಬರುವ ಪಾತ್ರ) ಊಹಿಸುವಾಗ ನಾನು ಮೊದಲು ನೋಡುವುದು, ಯಾವ ಕಂಪನಿ ತನ್ನ ಪಾತ್ರಗಳನ್ನು ಧಾರಾಳವಾಗಿ ಎರವಲು ಕೊಡುತ್ತದೆ ಅನ್ನೋದನ್ನು. ಎಸ್‌ಎನ್‌ಕೆ ತನ್ನ ಟೆರಿ ಬೊಗಾರ್ಡ್‌ನನ್ನು 2019ರಲ್ಲಿ ಅಲ್ಟಿಮೇಟ್‌ಗೆ ಕೊಟ್ಟಿತು. 2024ರಲ್ಲಿ ಅದೇ ಟೆರಿ ‘ಸ್ಟ್ರೀಟ್ ಫೈಟರ್ 6’ಕ್ಕೂ ಬಂದ, ಅವನ ಹಿಂದೆಯೇ ಅದೇ ಕಂಪನಿಯ ಮಾಯ್ ಶಿರಾನುಯಿ. ಮುಂದಿನ ಅತಿಥಿಯ ಬಗ್ಗೆ ಬಾಜಿ ಕಟ್ಟು ಎಂದರೆ ಎಸ್‌ಎನ್‌ಕೆ ಪಾತ್ರಗಳ ಮೇಲೆಯೇ ಕಟ್ಟುತ್ತೇನೆ.