ಪಿಕಪ್ ಬಾಗಿಲೇ ಸ್ಪೀಕರ್ ಡಬ್ಬ

ನಮ್ ಬಾವಂದು ಕೋಲಾರದ ಕಡೆ ಟೊಮೇಟೊ ಹೊಡೆಯೋ ಡೀಸೆಲ್ ಪಿಕಪ್ಪು, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ರಾತ್ರಿ ಲೋಡ್ ತುಂಬ್ಕೊಂಡು ಹೊರಟ್ರೆ ಬೆಳಗಿನ ಜಾವಕ್ಕೆ ಮಂಡಿ, ಅಲ್ಲೀವರೆಗೂ ಹಾಡಿಲ್ಲದೆ ಅವ್ರಿಗಾಗಲ್ಲ. "ಏನಾದ್ರೂ ಮಾಡಪ್ಪ, ಐದು ಸಾವಿರದ ಮೇಲೆ ಹೋಗ್ಬಾರ್ದು, ಬೇಸ್ ಮಾತ್ರ ಎದೆಗೆ ಬಡೀಬೇಕು" ಅಂದ್ರು. ಅಷ್ಟೊತ್ತಿಗೆ ಯಾವ್ದೋ ಅಂಗಡಿಯವನು ಡಬ್ಬದ ಮೇಲೆ "200 ವ್ಯಾಟ್ ಇಂಟು 4" ಅಂತ (ನಾಲ್ಕು ಚಾನೆಲ್ಲು, ಅಂದ್ರೆ ನಾಲ್ಕು ಸ್ಪೀಕರಿಗೆ ತಲಾ 200) ಅಚ್ಚಾಗಿರೋ ಒಂದು ಮ್ಯೂಸಿಕ್ ಸೆಟ್ಟನ್ನ ಅವ್ರ ತಲೆಗೆ ತುಂಬಿ ಕಳಿಸಿದ್ದ.

ಆ ವ್ಯಾಟ್ ಕಥೆ ಮೊದ್ಲು ಮುಗಿಸ್ಬಿಡ್ತೀನಿ. ಗಾಡಿ ಓಡ್ತಿರುವಾಗ ಆಲ್ಟರ್ನೇಟರ್ (ಇಂಜಿನ್ ತಿರುಗ್ಸೋ ಕರೆಂಟ್ ಡೈನಮೊ) ಕೊಡೋದು ಹೆಚ್ಚೂಕಮ್ಮಿ 14.4 ವೋಲ್ಟ್, ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆ ಸಾಮಾನ್ಯವಾಗಿ 4 ಓಮ್. ಬೇರೆ ಆಂಪ್ಲಿಫೈಯರ್ ಇಲ್ಲದ ಸೆಟ್ಟು ಆ 14.4 ವೋಲ್ಟಿನ ಮೇಲೆ ಏರೋಕಾಗಲ್ಲ. 14.4ನ್ನ ಅದರಿಂದಲೇ ಗುಣಿಸಿ 4ರಿಂದ ಭಾಗಿಸಿ, ಹತ್ತತ್ರ 52 ಬರತ್ತೆ. ಎಷ್ಟೋ ಸೆಟ್ ಮೇಲೆ "50 ವ್ಯಾಟ್ ಇಂಟು 4" ಅಂತ ಕಾಣ್ಸತ್ತಲ್ಲ, ಹುಟ್ಟಿದ್ದು ಇಲ್ಲೇ. ಆದ್ರೆ ಇದು ಚೌಕಾಕಾರದ ಅಲೆ ಬಂದಾಗಿನ ಲೆಕ್ಕ, ಅಂದ್ರೆ ಹಾಡು ಪೂರ್ತಿ ಹರಿದು ಗೊರಗೊರ ಅನ್ನೋವಾಗ. ಸ್ವಚ್ಛವಾದ ಅಲೆಗೆ ಇದರ ಅರ್ಧ, 26, ಚಿಪ್ ಒಳಗಿನ ನಷ್ಟ ಕಳೆದ್ರೆ ಒಂದು ಚಾನೆಲ್ಲಿಗೆ 20 ವ್ಯಾಟ್ ಆಸುಪಾಸು, ಅಷ್ಟೆ. 200ರ ಕಥೆ ನೋಡ್ಬೇಕು ಅಂದ್ರೆ ಸೆಟ್ ತಿರುಗ್ಸಿ ಹಿಂದಿನ ಫ್ಯೂಸ್ ನೋಡಿ. 15 ಆಂಪಿಯರ್ ಅಂತ ಇದ್ರೆ 14.4 ವೋಲ್ಟಿಗೆ ಒಳಗೆ ಹೋಗೋ ಪವರೇ ಒಟ್ಟು 216 ವ್ಯಾಟು, ಹೊರಗೆ ನಾಲ್ಕು ಇನ್ನೂರು ಸೇರಿ 800 ಹೆಂಗ್ ಬರತ್ತೆ, ಕಾಮಧೇನುನಾ ಅದು?

ಇನ್ನು ಜೋರಿನ ವಿಷ್ಯ. ವ್ಯಾಟ್ ಡಬಲ್ ಮಾಡಿದ್ರೆ ಏರೋದು 3 ಡೆಸಿಬೆಲ್ (ಸದ್ದಿನ ಅಳತೆ), ಕಿವಿಗೆ "ಏನೋ ಸ್ವಲ್ಪ ಜಾಸ್ತಿ ಆಯ್ತು" ಅನ್ಸತ್ತೆ. ಎರಡರಷ್ಟು ಜೋರು ಅನ್ನಿಸ್ಬೇಕಾದ್ರೆ ಸುಮಾರು 10 ಡೆಸಿಬೆಲ್ ಬೇಕು, ಅಂದ್ರೆ ಹತ್ತು ಪಟ್ಟು ವ್ಯಾಟ್. ಅದಕ್ಕೇ ಕಾಸು ಕಮ್ಮಿ ಇರೋರು ನೋಡ್ಬೇಕಾದ್ದು ಸ್ಪೀಕರಿನ ಸೆನ್ಸಿಟಿವಿಟಿ, ಅಂದ್ರೆ ಅಷ್ಟೇ ವ್ಯಾಟಿಗೆ ಎಷ್ಟು ಜೋರಾಗಿ ಕೂಗತ್ತೆ ಅನ್ನೋದು. 89 ಡೆಸಿಬೆಲ್‌ನ ಸ್ಪೀಕರ್ ಬಿಟ್ಟು 92ರದ್ದು ತಗೊಂಡ್ರೆ ಆಂಪ್ಲಿಫೈಯರ್ ಡಬಲ್ ಮಾಡಿದ ಲೆಕ್ಕಾನೇ, ಅದೂ ಎಷ್ಟೋ ಸಲ ಅದೇ ರೇಟಲ್ಲಿ. ಬಾವನ ಹಳೇ ಸೆಟ್ಟನ್ನ ಹಂಗೇ ಉಳಿಸ್ಕೊಂಡು ಡೋರಿಗೆ ಮಾತ್ರ ಒಂದು ಜೊತೆ ಆರಿಂಚಿನ ಕೋಆಕ್ಸಿಯಲ್ (ದೊಡ್ಡ ಸ್ಪೀಕರಿನ ನಡುವೆ ಸಣ್ಣದೊಂದು ಕೂರಿಸಿರೋದು) ತಗೊಂಡ್ವಿ, ಬೆಂಗಳೂರಿನ ಜೆ.ಸಿ. ರೋಡಲ್ಲಿ ಚೌಕಾಸಿ ಮಾಡಿ 2,200ಕ್ಕೆ.

ಅಷ್ಟಾದ್ರೂ ಪಿಕಪ್ಪಲ್ಲಿ ನಿಜವಾದ ಶತ್ರು ಇಂಜಿನ್ನು. ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯತ್ತೆ, 2,000 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 33 ಸುತ್ತು, ಅಲ್ಲಿಗೆ ಸುಮಾರು 66 ಹರ್ಟ್ಜ್‌ನ (ಸೆಕೆಂಡಿಗೆ 66 ಸಲ ಅದುರೋ) ಗುಡುಗುಡು ಸದಾ ಕ್ಯಾಬಿನ್ ಒಳಗೆ ಇದ್ದಿದ್ದೇ. ಬೇಸ್ ಗಿಟಾರಿನ ನಾಲ್ಕು ಖಾಲಿ ತಂತಿ 41 ಹರ್ಟ್ಜ್‌ನಿಂದ 98ರವರೆಗೆ, ಅಂದ್ರೆ ಬಾವ ಕೇಳ್ತಿರೋ ಬೇಸೂ ಇಂಜಿನ್ನೂ ಒಂದೇ ಬೀದಿಲಿ ಸಂಸಾರ ಹೂಡಿರೋದು. ನಮ್ ಕಿವಿ ಎಂಥದ್ದು ಅಂದ್ರೆ ಒಂದು ಜೋರು ಶಬ್ದ ತನ್ನ ಅಕ್ಕಪಕ್ಕದ ಮೆಲು ಶಬ್ದಗಳನ್ನ ನುಂಗ್ಬಿಡತ್ತೆ, ತನಗಿಂತ ಮೇಲಿನ ಶ್ರುತಿಯವನ್ನ ಇನ್ನೂ ಜಾಸ್ತಿ ನುಂಗತ್ತೆ, ಇದಕ್ಕೆ ಮಾಸ್ಕಿಂಗ್ ಅಂತಾರೆ. ಹಂಗಾಗಿ ಒಳಗಿನ ಗದ್ದಲ 3 ಡೆಸಿಬೆಲ್ ಇಳಿಸಿದ್ರೂ ವ್ಯಾಟ್ ಡಬಲ್ ಮಾಡಿದಷ್ಟೇ ಲಾಭ, ಕಿವಿಗೆ ಪೆಟ್ಟೂ ಇಲ್ಲ. ಗದ್ದಲ ಬರೋ ದಾರಿ ಹುಡುಕಿದ್ರೆ ಎಲ್ಲಾ ತೂತೇ: ಗೇರ್ ಲಿವರ್ ಬುಡದ ರಬ್ಬರ್ ಹರಿದಿತ್ತು, ಇಂಜಿನ್ ಕಡೆಯಿಂದ ವೈರ್ ಬರೋ ಜಾಗದಲ್ಲಿ ಗ್ರೋಮೆಟ್ (ತೂತು ಮುಚ್ಚೋ ರಬ್ಬರ್ ಬಳೆ) ಬಿದ್ದೋಗಿತ್ತು, ಡೋರ್ ಬೀಡಿಂಗ್ ಹಪ್ಪಳ ಆಗಿತ್ತು. ಎಲ್ಲಾನೂ ಸರಿ ಮಾಡಿದ್ವಿ. ಸಣ್ಣ ತೂತು ತಾನೇ ಅಂತ ಬಿಡೋ ಹಂಗಿಲ್ಲ, ಗೋಡೆ ಎಷ್ಟೇ ದಪ್ಪ ಇರ್ಲಿ ಅದರ ನೂರರಲ್ಲಿ ಒಂದು ಭಾಗ ತೂತಾಗಿದ್ರೆ 20 ಡೆಸಿಬೆಲ್‌ಗಿಂತ ಜಾಸ್ತಿ ತಡೆಯೋದು ಅದ್ರ ಕೈಲಾಗಲ್ಲ. (ಮೊಟ್ಟೆ ಟ್ರೇ ಅಂಟ್ಸಿ ಅಂತ ಹೇಳೋರು ಈಗ್ಲೂ ಇದಾರೆ. ಟ್ರೇಲಿ ಮೊಟ್ಟೆ ಇಡಿ, ಸದ್ದು ತಡೆಯೋಷ್ಟು ತೂಕ ಅದಕ್ಕಿಲ್ಲ.)

ಆಮೇಲೆ ಡೋರು. ಸ್ಪೀಕರಿನ ಕೋನ್ (ಅದುರೋ ಬಟ್ಟಲು) ಮುಂದೆ ಬಂದಾಗ ಮುಂದಿನ ಗಾಳಿ ಒತ್ತತ್ತೆ, ಹಿಂದಿನ ಗಾಳಿ ಸಡಿಲ ಆಗತ್ತೆ. 60 ಹರ್ಟ್ಜ್‌ನ ಅಲೆ ಸುಮಾರು ಐದೂಮುಕ್ಕಾಲು ಮೀಟರ್ ಉದ್ದ, ಅಂಥ ಅಲೆಗೆ ಆರಿಂಚಿನ ಸ್ಪೀಕರ್ ಸುತ್ತಿಕೊಂಡು ಬರೋದು ಯಾವ ಲೆಕ್ಕ, ಹಿಂದಿನ ಅಲೆ ಮುಂದೆ ಬಂದು ಎರಡೂ ಹೊಡೆದಾಡಿ ಸೊನ್ನೆ ಆಗತ್ತೆ. ಸ್ಪೀಕರನ್ನ ಕೈಲಿ ಹಿಡ್ಕೊಂಡು ಬಾರಿಸಿ ನೋಡಿ, ರೇಡಿಯೋ ಥರ ಕೀರಲು. ಒಂದು ರಟ್ಟಿನ ಹಾಳೆಲಿ ತೂತು ಕೊರೆದು ಅದಕ್ಕೆ ಒತ್ತಿ ಹಿಡೀರಿ, ಬೇಸ್ ಎಲ್ಲಿಂದಲೋ ಬಂದಂಗಿರತ್ತೆ. ಗಾಡಿಲಿ ಆ ರಟ್ಟಿನ ಕೆಲ್ಸ ಡೋರಿನ ತಗಡಿಂದು. ಡೋರಿನ ಒಳಗಿನ ಹೊದಿಕೆ, ಅಂದ್ರೆ ಟ್ರಿಮ್, ಬಿಚ್ಚಿದ್ರೆ ಒಳಗಿನ ತಗಡಲ್ಲಿ ಕೈ ತೂರೋಷ್ಟು ದೊಡ್ಡ ಕಂಡಿಗಳು, ತಟ್ಟಿದ್ರೆ ಟಣ್ ಅನ್ನತ್ತೆ. ಕಂಡಿಗಳನ್ನ ಗಟ್ಟಿ ಪ್ಲಾಸ್ಟಿಕ್ ಶೀಟಿಂದ ಮುಚ್ಚಿ, ಹೊರಗಿನ ತಗಡಿನ ನಡುಮಧ್ಯಕ್ಕೆ ಬ್ಯುಟೈಲ್ ಡ್ಯಾಂಪಿಂಗ್ ಶೀಟ್ (ತಗಡಿನ ಅದುರು ತಡೆಯೋ ಅಂಟು ರಬ್ಬರ್ ಹಾಳೆ) ಒತ್ತಿ ಅಂಟಿಸಿದ್ವಿ, ಇಡೀ ಡೋರಿಗೆ ಬೇಕಾಗಲ್ಲ. ಈಗ ತಟ್ಟಿದ್ರೆ ಧಪ್. ಕಮ್ಮಿಗೆ ಸಿಗತ್ತೆ ಅಂತ ಟಾರ್ ಶೀಟ್ ಹಾಕಿದ್ರೆ ಬಿಸಿಲಿಗೆ ಮೆತ್ತಗಾಗಿ ನಾರತ್ತೆ. ಡೋರಿನ ತಳದಲ್ಲಿ ಮಳೆನೀರು ಇಳಿದು ಹೋಗೋ ತೂತು ಮಾತ್ರ ಅಪ್ಪಿತಪ್ಪಿಯೂ ಮುಚ್ಬೇಡಿ, ತುಕ್ಕು ಹಿಡಿಯತ್ತೆ.

ಕಾಸೇ ಖರ್ಚಿಲ್ಲದ ರಿಪೇರಿ ಒಂದಿತ್ತು. ಹಳೇ ವೈರಿಂಗಲ್ಲಿ ಎಡಗಡೆ ಡೋರಿಂದು ಪ್ಲಸ್ಸು ಮೈನಸ್ಸು ಅದಲುಬದಲು. ಆಗ ಒಂದು ಸ್ಪೀಕರ್ ಮುಂದೆ ತಳ್ಳೋ ಹೊತ್ತಿಗೆ ಇನ್ನೊಂದು ಹಿಂದೆ ಎಳೆಯತ್ತೆ, ಹಾಡಿನ ಬೇಸ್ ಅರ್ಧಕ್ಕರ್ಧ ಅಲ್ಲೇ ಸತ್ತೋಗತ್ತೆ. ಗಡಿಯಾರದ ಒಂದೂವರೆ ವೋಲ್ಟ್ ಸೆಲ್ಲನ್ನ ಸ್ಪೀಕರ್ ವೈರಿಗೆ ಒಂದು ಕ್ಷಣ ಮುಟ್ಸಿ, ಕೋನ್ ಹೊರಗೆ ಬಂದ್ರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಸ್ಪೀಕರಿನ ಪ್ಲಸ್ಸು.

ಹೊಸ ವೈರಿಂಗ್ ಆದ ಮೇಲೆ ಆಕ್ಸಿಲರೇಟರ್ ಒತ್ತಿದಂಗೆಲ್ಲ ಕುಂಯ್ಯ್ ಅಂತ ಏರೋ ಸದ್ದೊಂದು ಶುರುವಾಯ್ತು. ಸೆಟ್ಟಿನ ಅರ್ಥಿಂಗ್ ಒಂದು ಕಡೆ, ಫೋನ್ ಚಾರ್ಜರಿಂದು ಇನ್ನೊಂದು ಕಡೆ, ಮಧ್ಯೆ ಫೋನಿಂದ ಸೆಟ್ಟಿಗೆ ಹಾಡು ತರೋ ಆಕ್ಸ್ ವೈರು. ಆಲ್ಟರ್ನೇಟರಿನ ಏರಿಳಿತ ಆ ಸುತ್ತಲ್ಲಿ ಹರಿದು ಹಾಡಿನ ಜೊತೆ ಸೇರ್ಕೊಳ್ತಿತ್ತು. ಪೇಂಟ್ ಕೆರೆದು ಎರಡನ್ನೂ ಒಂದೇ ಬೋಲ್ಟಿಗೆ ಬಿಗಿದ್ವಿ, ನಿಂತೋಯ್ತು. ಎಲ್ಲಾ ಸೇರಿ 4,500 ಚಿಲ್ರೆ ಆಯ್ತು.

ವಾರ ಬಿಟ್ಟು ಬಾವ ಫೋನ್ ಮಾಡಿದ್ರು, "ಹಾಡೇನೋ ಚೆನ್ನಾಗ್ ಕೇಳತ್ತೆ, ಆದ್ರೆ ಸೀಟ್ ಹಿಂದೆ ಏನೋ ಕಟಕಟ ಅಂತಿದೆ, ನೀನೇನೋ ಲೂಸ್ ಬಿಟ್ಟಿದೀಯ" ಅಂತ. ಹೋಗಿ ನೋಡಿದ್ರೆ ಜ್ಯಾಕು. ಮೊದ್ಲಿಂದಲೂ ಅಲ್ಲಾಡ್ತಾನೇ ಇತ್ತು ಬಾವ, ಇಂಜಿನ್ ಗದ್ದಲದಲ್ಲಿ ನಿಮಗೆ ಕೇಳ್ತಿರ್ಲಿಲ್ಲ ಅಷ್ಟೆ ಅಂದೆ, ನಂಬ್ಲಿಲ್ಲ. ಹಳೇ ಟ್ಯೂಬ್ ಕುಯ್ದು ಸುತ್ತಿ ಕಟ್ಟಿ ಬಂದಿದೀನಿ.