ದೆವ್ವಕ್ಕೆ ಅಂಕ ಕೊಡುವ ಮೊದಲು ಫ್ಯಾನ್ ಆರಿಸಿ

‘ಒಂದು ಗಂಟೆಯಾದರೂ ಏನೂ ನಡೆಯಲಿಲ್ಲ. ಹತ್ತಕ್ಕೆ ನಾಲ್ಕು.’ ಇಂಥದೊಂದು ಸಂದೇಶ ನನ್ನ ಮೊಬೈಲಿಗೆ ಆಗಾಗ ಬರುತ್ತಲೇ ಇರುತ್ತದೆ. ಚಲನಚಿತ್ರಗಳ ಸೌಂಡ್ ಮಿಕ್ಸಿಂಗ್, ಅಂದರೆ ಮಾತು, ಸಂಗೀತ, ಸದ್ದುಗಳನ್ನು ಹದವಾಗಿ ಬೆರೆಸುವುದು, ನನ್ನ ಕಸುಬಾದ್ದರಿಂದ ಬಂಧುಗಳು, ಸ್ನೇಹಿತರು ಹಾರರ್ ನೋಡಿದಾಗಲೆಲ್ಲ ನನಗೊಂದು ಅಂಕಪಟ್ಟಿ ಕಳಿಸುತ್ತಾರೆ. ಚಿತ್ರದ ಹೆಸರು ಬದಲಾಗುತ್ತದೆ, ದೂರು ಮಾತ್ರ ಅದೇ. ನಾನು ತಿರುಗಿ ಕೇಳುವ ಪ್ರಶ್ನೆಯೂ ಒಂದೇ: ಫ್ಯಾನ್ ಎಷ್ಟರಲ್ಲಿ ತಿರುಗುತ್ತಿತ್ತು?

ಕೇಳಿದವರಿಗೆ ಸಿಟ್ಟು ಬರುತ್ತದೆ. ಆದರೆ ಉತ್ತರ ಅಲ್ಲಿಯೇ ಇದೆ, ಅದನ್ನು ಬಿಡಿಸಿ ಹೇಳಲೇಬೇಕು.

ಒಟಿಟಿಗೆ ಕೊಡುವ ಮಿಕ್ಸ್‌ಗೆ ಅಳತೆಯ ನಿಯಮಗಳಿವೆ. ಇಲ್ಲಿ ಗರಿಷ್ಠ ಮಟ್ಟವನ್ನು ಸೊನ್ನೆ ಎಂದಿಟ್ಟುಕೊಂಡು ಕೆಳಕ್ಕೆ ಎಣಿಸುತ್ತೇವೆ, ಅದಕ್ಕೇ ಮೈನಸ್. ನೆಟ್‌ಫ್ಲಿಕ್ಸ್‌ನ ನಿಯಮದ ಪ್ರಕಾರ ಮಾತಿನ ಸರಾಸರಿ ಮಟ್ಟ ಮೈನಸ್ 27ರ ಆಸುಪಾಸಿನಲ್ಲಿರಬೇಕು, ಎರಡು ಅಂಕ ಆಚೀಚೆಯಾದರೆ ತೊಂದರೆಯಿಲ್ಲ. ಅತಿ ಜೋರಾದ ಸದ್ದು ಮೈನಸ್ 2 ಡೆಸಿಬೆಲ್ ದಾಟುವಂತಿಲ್ಲ. ಎರಡನ್ನೂ ಅಳೆಯುವ ಕ್ರಮ ಬೇರೆ, ಆದರೂ ಅಂದಾಜಿಗೆ ಹೇಳುವುದಾದರೆ ಮಾತಿನ ಮೇಲೆ ನಮಗೆ ಇಪ್ಪತ್ತು ಚಿಲ್ಲರೆ ಡೆಸಿಬೆಲ್ ಜಾಗವಿದೆ. ಮಾತಿನ ಕೆಳಗೂ ಅಷ್ಟಾದರೂ ಜಾಗವಿದೆ. ಹಾರರ್ ಬದುಕುವುದು ಈ ಕೆಳಗಿನ ಜಾಗದಲ್ಲಿ. ಅಟ್ಟದ ಹಲಗೆಯ ನರಳಾಟ, ಪಕ್ಕದ ಕೋಣೆಯಲ್ಲಿ ಯಾರೋ ಉಸಿರೆಳೆದುಕೊಂಡಂತಹ ಸದ್ದು, ಇಲ್ಲಿಯವರೆಗೆ ಕೂಗುತ್ತಿದ್ದ ಜೀರುಂಡೆಗಳು ಒಮ್ಮೆಗೇ ನಿಂತುಹೋದದ್ದು: ಎಲ್ಲವನ್ನೂ ಇಡುವುದು ಅಲ್ಲಿಯೇ.

ಈಗ ನಿಮ್ಮ ಕೋಣೆಗೆ ಬನ್ನಿ. ಟಿವಿಯ ಮಾತು ನಿಮ್ಮ ಕಿವಿಗೆ 60 ಡೆಸಿಬೆಲ್‌ನಷ್ಟು ಬೀಳುತ್ತಿದೆ ಎಂದುಕೊಳ್ಳೋಣ. ಅದಕ್ಕಿಂತ 25 ಕೆಳಗಿನ ಉಸಿರು 35ಕ್ಕೆ ಬಂತು. ಜೋರಾಗಿ ತಿರುಗುವ ಸೀಲಿಂಗ್ ಫ್ಯಾನ್ ಒಂದೇ ಅದಕ್ಕಿಂತ ಹೆಚ್ಚು ಸದ್ದು ಮಾಡುತ್ತದೆ. ಆ ಉಸಿರನ್ನು ಫ್ಯಾನ್ ನುಂಗಿತು, ಮೊದಲ ಹೆಜ್ಜೆಯನ್ನು ರಸ್ತೆಯ ಆಟೋ ನುಂಗಿತು. ನಿಮಗೆ ಏನೂ ಕೇಳಲಿಲ್ಲ, ಹಾಗಾಗಿ ಏನೂ ನಡೆಯಲಿಲ್ಲ. ರಿಮೋಟ್ ಎತ್ತಿ ವಾಲ್ಯೂಮ್ ಏರಿಸುತ್ತೀರಿ, ಬಾಗಿಲು ಬಡಿದಾಗ ಕಿವಿಗೆ ಹೊಡೆದಂತಾಗುತ್ತದೆ, ಇಳಿಸುತ್ತೀರಿ. ನಾವು ವಾರಗಟ್ಟಲೆ ಕೂತು ಕಟ್ಟಿದ ಏರಿಳಿತವನ್ನು ನಿಮ್ಮ ಹೆಬ್ಬೆರಳು ಎರಡು ಗಂಟೆಯಲ್ಲಿ ಸಮತಟ್ಟು ಮಾಡಿಬಿಡುತ್ತದೆ. ಟಿವಿಯ ಸೆಟ್ಟಿಂಗ್‌ನಲ್ಲಿರುವ ನೈಟ್ ಮೋಡ್ ಮಾಡುವುದೂ ಇದನ್ನೇ. ಮೊಬೈಲಿನ ಸ್ಪೀಕರಿನಲ್ಲಿ ನೋಡಿದರೆ ಇನ್ನೊಂದು ನಷ್ಟವಿದೆ: ನೆಲ ಗುಡುಗುವಂಥ ತಗ್ಗು ಸ್ವರ ಅದರಿಂದ ಹೊರಡುವುದೇ ಇಲ್ಲ.

1.5ರ ವೇಗದಲ್ಲಿ ನೋಡುವವರ ಬಗ್ಗೆ ಬರೆಯುವಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಹನ್ನೆರಡು ಸೆಕೆಂಡಿನ ಮೌನ ಎಂಟಾಗುತ್ತದೆ. ಒಂಬತ್ತನೆಯ ಸೆಕೆಂಡಿನಿಂದ ನಿಮ್ಮ ಎದೆ ಬಡಿದುಕೊಳ್ಳಬೇಕಿತ್ತು.

ಬೆಚ್ಚುವುದು ಬೇರೆ, ಹೆದರುವುದು ಬೇರೆ. ಕುಕ್ಕರ್ ಸೀಟಿಗೂ ನಾವು ಬೆಚ್ಚುತ್ತೇವೆ. ಅದು ದೇಹದ ಪ್ರತಿವರ್ತನೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಹೆದರಿಕೆಗೆ ಸಮಯ ಬೇಕು. ಹಾಗಿದ್ದೂ ‘ಎಷ್ಟು ಸಲ ಬೆಚ್ಚಿಬಿದ್ದೆ’ ಎಂದು ಎಣಿಸಿ ಅಂಕ ಕೊಡುವವರೇ ಹೆಚ್ಚು, ಆ ಅಂಕಗಳನ್ನು ನಿರ್ಮಾಪಕರು ಓದುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ಚಿತ್ರದ ಕೊನೆಯ ಮಿಕ್ಸ್‌ನಲ್ಲಿ ನಾವು ಒಂದು ಕಾರಿಡಾರಿನ ದೃಶ್ಯವನ್ನು ಬಹುಪಾಲು ಸದ್ದಿಲ್ಲದೆ ಬಿಟ್ಟಿದ್ದೆವು. ನಿರ್ಮಾಪಕರು ಒಳ್ಳೆಯ ಮನುಷ್ಯ, ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಊಟ ಹಾಕಿಸಿದವರು. ‘ಜನ ಸ್ಪೀಕರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಇಲ್ಲೊಂದು ಢಮಾರ್ ಹಾಕಿ’ ಎಂದರು. ಹಾಕಿದೆ. ಆ ದೃಶ್ಯವನ್ನು ಈಗಲೂ ನನ್ನಿಂದ ಕೇಳಲಾಗುವುದಿಲ್ಲ.

2022ರ ಜನವರಿಯಲ್ಲಿ ಸೋನಿಲಿವ್‌ನಲ್ಲಿ ಬಂದ ಮಲಯಾಳಂನ ‘ಭೂತಕಾಲಂ’ ಇದಕ್ಕೆ ಒಳ್ಳೆಯ ಉದಾಹರಣೆ. ಬಾಡಿಗೆ ಮನೆ, ಖಿನ್ನತೆಯಲ್ಲಿರುವ ತಾಯಿ (ನಟಿ ರೇವತಿ), ಕೆಲಸ ಸಿಗದ ಮಗ. ಮನೆಯಲ್ಲಿ ಏನೋ ಇದೆಯೇ, ಇವರ ಮನಸ್ಸು ಕೆಟ್ಟಿದೆಯೇ ಎಂಬ ಅನುಮಾನವನ್ನು ನಿರ್ದೇಶಕ ರಾಹುಲ್ ಸದಾಶಿವನ್ ಬಹಳ ಹೊತ್ತು ಬಿಡಿಸುವುದಿಲ್ಲ. ಶಿವಮೊಗ್ಗದ ನನ್ನ ಸೋದರತ್ತೆ ಇದನ್ನು ಮೊಬೈಲಿನಲ್ಲಿ, ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಇನ್ನೊಂದು ಕಿವಿಯನ್ನು ಕಾಲಿಂಗ್ ಬೆಲ್‌ಗೆ ಮೀಸಲಿಟ್ಟು ನೋಡಿದ್ದರು. ‘ಏನೋ ಇದು, ಅಮ್ಮ ಮಗ ಜಗಳವಾಡುವುದನ್ನು ನೋಡಲು ನಾನು ನಿದ್ದೆಗೆಡಬೇಕೇ?’ ಎಂದು ಕೇಳಿದರು. ದೀಪಾವಳಿಗೆ ಬಂದಾಗ ನಮ್ಮ ಮನೆಯಲ್ಲಿ ಕೂರಿಸಿ, ದೀಪ ಆರಿಸಿ, ಫ್ಯಾನ್ ನಿಲ್ಲಿಸಿ ಮತ್ತೆ ಹಾಕಿದೆ. ಅರ್ಧ ದಾರಿಯಲ್ಲಿ ನನ್ನ ಮುಂಗೈ ಹಿಡಿದವರು ಕೊನೆಯವರೆಗೂ ಬಿಡಲಿಲ್ಲ. ಆ ರೇವತಿ ಪಾಪ, ಎಂದರು. ರೇವತಿಯವರಿಗೆ ಆ ಪಾತ್ರಕ್ಕೆ ಕೇರಳ ರಾಜ್ಯ ಪ್ರಶಸ್ತಿ ಬಂದಿದೆ ಎಂದಾಗ ‘ಬರಲೇಬೇಕು’ ಎಂದರು.

ಹಿಂದಿಯ ಹಾರರ್ ಚಿತ್ರ ‘ತುಂಬಾಡ್’ ಕತೆಯೂ ಗೊತ್ತಲ್ಲ. 2018ರಲ್ಲಿ ಬಂದಾಗ ಚಿತ್ರಮಂದಿರಕ್ಕೆ ಹೋದವರು ಕಡಿಮೆ. 2024ರ ಸೆಪ್ಟೆಂಬರಿನಲ್ಲಿ ಮರುಬಿಡುಗಡೆಯಾದಾಗ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ಅದಕ್ಕೆ ಕಾರಣಗಳು ಹಲವಿರಬಹುದು, ಎಲ್ಲವನ್ನೂ ಧ್ವನಿಯ ಲೆಕ್ಕಕ್ಕೆ ಬರೆಯಲಾರೆ. ಆದರೆ ಆ ಚಿತ್ರದಲ್ಲಿ ಸುರಿಯುವ ಮಳೆಯನ್ನು ಮೊಬೈಲಿನಲ್ಲಿ ಕೇಳಿದ್ದವರು ಚಿತ್ರಮಂದಿರದಿಂದ ಹೊರಬಂದಾಗ ಹೊಸ ಚಿತ್ರವನ್ನೇ ನೋಡಿದವರಂತೆ ಮಾತಾಡಿದ್ದನ್ನು ನಾನು ಕೇಳಿದ್ದೇನೆ.

ಹಲವು ಬಿಡಿ ಕತೆಗಳನ್ನು ಒಟ್ಟಿಗೆ ಕಟ್ಟಿದ ಕಥಾಗುಚ್ಛಗಳದು ಬೇರೆಯೇ ಸಂಕಟ. 2020ರ ಮೊದಲ ದಿನ ಬಂದ ‘ಘೋಸ್ಟ್ ಸ್ಟೋರೀಸ್’ನಲ್ಲಿ ಜೋಯಾ ಅಖ್ತರ್, ಅನುರಾಗ್ ಕಶ್ಯಪ್, ದಿಬಾಕರ್ ಬ್ಯಾನರ್ಜಿ, ಕರಣ್ ಜೋಹರ್ ನಾಲ್ವರೂ ಒಂದೊಂದು ಕತೆ ಹೇಳಿದ್ದಾರೆ. ನಾಲ್ಕಕ್ಕೂ ಸೇರಿಸಿ ಒಂದೇ ಅಂಕ ಕೊಟ್ಟರೆ ಅದು ಯಾರಿಗೂ ಸಲ್ಲುವುದಿಲ್ಲ. ಒಂದು ಕತೆ ಮುಗಿದೊಡನೆ ಇನ್ನೊಂದಕ್ಕೆ ಜಿಗಿಯಬೇಡಿ, ಕಿವಿಗೂ ವಿಶ್ರಾಂತಿ ಬೇಕು. ಮೆಕ್ಸಿಕೋದ ನಿರ್ದೇಶಕ ಗಿಲೆರ್ಮೊ ಡೆಲ್ ಟೋರೊ ಅವರ ಎಂಟು ಕತೆಗಳ ‘ಕ್ಯಾಬಿನೆಟ್ ಆಫ್ ಕ್ಯೂರಿಯಾಸಿಟೀಸ್’ 2022ರಲ್ಲಿ ದಿನಕ್ಕೆ ಎರಡರಂತೆ ನಾಲ್ಕು ದಿನ ಬಂತು. ನನ್ನನ್ನು ಕೇಳಿದರೆ ದಿನಕ್ಕೆ ಒಂದೇ ಸಾಕು.

ಮಾಡಬೇಕಾದದ್ದು ಇಷ್ಟು. ಮೊದಲ ಸಂಭಾಷಣೆ ಬಂದಾಗ, ಎದುರಿಗೆ ಕೂತವರು ಮಾತಾಡಿದಷ್ಟು ಕೇಳುವಂತೆ ವಾಲ್ಯೂಮ್ ಇಡಿ. ರಿಮೋಟನ್ನು ಕೈಗೆಟುಕದ ಕಡೆ ಇಡಿ. ಹೃದಯದ ತೊಂದರೆ ಇರುವವರಿಗೆ, ಚಿಕ್ಕ ಮಕ್ಕಳಿಗೆ ಇದನ್ನು ಹೇಳುತ್ತಿಲ್ಲ. ಕಿವಿ ಮಂದವಾಗಿರುವ ಹಿರಿಯರು ಸಬ್‌ಟೈಟಲ್ ಹಾಕಿಕೊಂಡು, ತಮಗೆ ಹಿತವಾದಷ್ಟೇ ಇಟ್ಟುಕೊಳ್ಳಲಿ. ಹೆಡ್‌ಫೋನ್ ಒಳ್ಳೆಯದೇ, ಆದರೆ ಸದ್ದು ಮಿತಿಯಲ್ಲಿರಲಿ.

ಕಳೆದ ವಾರ ಅತ್ತೆ ಫೋನ್ ಮಾಡಿದ್ದರು. ‘ಭೂತಕಾಲಂ’ ನಿರ್ದೇಶಕರದೇ ಇನ್ನೊಂದು ಚಿತ್ರ ‘ಭ್ರಮಯುಗಂ’ ನೋಡಲು ಕೂತಿದ್ದರಂತೆ. ಫ್ಯಾನ್ ನಿಲ್ಲಿಸಿದ್ದಾಯಿತು, ಕಿಟಕಿ ಹಾಕಿದ್ದಾಯಿತು, ಫ್ರಿಜ್ಜು ಗುರುಗುಟ್ಟುತ್ತಿದೆ, ಅದನ್ನೂ ಆರಿಸಲೇ ಎಂದು ಕೇಳಿದರು. ಬೇಡ ಅತ್ತೆ, ಹಾಲು ಕೆಡುತ್ತದೆ, ನಡುವಿನ ಬಾಗಿಲು ಮುಚ್ಚಿಕೊಳ್ಳಿ ಸಾಕು ಎಂದೆ.